ತಾಳೆಯ ಓಲೆ: ಕಿವಿಯಲ್ಲೂ ಉಂಟು, ಅಟ್ಟದಲ್ಲೂ ಉಂಟು!

ಕಿವಿಗೆ ಹಾಕಿಕೊಳ್ಳುವ ಓಲೆಗೆ ‘ಓಲೆ’ ಅಂತ ಯಾಕೆ ಹೆಸರು ಬಂತು, ಯಾವತ್ತಾದರೂ ಯೋಚಿಸಿದ್ದೀರಾ? ಓಲೆ ಎಂದರೆ ತಾಳೆಮರದ ಗರಿ. ಹಿಂದೆ ಹೆಣ್ಣುಮಕ್ಕಳು ಇದೇ ಗರಿಯನ್ನು ಸುರುಳಿ ಸುತ್ತಿ ಕಿವಿಯ ತೂತಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಆಮೇಲೆ ಚಿನ್ನದ್ದು ಬಂತು, ಹೆಸರು ಮಾತ್ರ ಹಾಗೇ ಉಳಿಯಿತು. ಗರಿಯ ಮೇಲೆ ಬರೆದು ಕಳಿಸಿದ್ದು ಕರೆಯೋಲೆಯಾಯಿತು. ಗೌರಿ ಹಬ್ಬದ ಬಾಗಿನಕ್ಕೆ ಬಳೆ-ಬಿಚ್ಚೋಲೆ ತಪ್ಪದೆ ತರುತ್ತೀರಲ್ಲ, ಆ ಬಿಚ್ಚೋಲೆಯೂ ಓಲೆಗರಿಯ ಸುರುಳಿಯೇ!

ಇಷ್ಟು ಹತ್ತಿರದ ಮರವಾದರೂ ನಮ್ಮಲ್ಲಿ ಅನೇಕರಿಗೆ ಅದರ ಗುರುತೇ ಸಿಗುವುದಿಲ್ಲ. ಅದರಿಂದ ಬಂದ ವಸ್ತು ಮನೆಯಲ್ಲೇ ಇದ್ದರೂ ಬೆಲೆ ತಿಳಿಯದೆ ಎಸೆದುಬಿಡುತ್ತೇವೆ. ಅದಕ್ಕೇ ಈ ನಾಲ್ಕು ಮಾತು.

ಗುರುತು ಹಿಡಿಯುವುದು ಹೇಗೆ?

ತೆಂಗು, ಅಡಿಕೆ, ಈಚಲು ಇವುಗಳ ಗರಿ ಹಕ್ಕಿಯ ಪುಕ್ಕದಂತೆ ಉದ್ದಕ್ಕೆ ಸೀಳಿರುತ್ತದೆ. ತಾಳೆಯ ಗರಿ ಹಾಗಲ್ಲ, ಬೆರಳು ಬಿಡಿಸಿದ ಅಂಗೈಯಂತೆ ದುಂಡಗೆ ಹರಡಿಕೊಂಡಿರುತ್ತದೆ. ಕತ್ತರಿಸಿ ಅಂಚು ಕಟ್ಟಿದರೆ ಅದೇ ಬೀಸಣಿಗೆ. ಇದರ ಬಳಗದ್ದೇ ಶ್ರೀತಾಳೆ. ಗರಿ ಇನ್ನೂ ಅಗಲ, ಮಳೆಗೆ ಕೊಡೆಯಾಗುವಷ್ಟು! ಶ್ರೀತಾಳೆ ಹತ್ತಾರು ವರ್ಷ ಬೆಳೆದು, ಜೀವಮಾನದಲ್ಲಿ ಒಂದೇ ಸಲ ಹೂಬಿಟ್ಟು ಕಾಯಾಗಿ ಸತ್ತುಹೋಗುತ್ತದೆ.

ಅಂದಹಾಗೆ, ಅಂಗಡಿಯಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ತಾಳೆ ಎಣ್ಣೆ ಈ ಮರದ್ದಲ್ಲ. ಅದು ಆಫ್ರಿಕಾ ಮೂಲದ ಬೇರೊಂದು ಮರದ ಹಣ್ಣಿನ ಎಣ್ಣೆ. ಅದರ ಗರಿ ತೆಂಗಿನ ಗರಿಯ ಹಾಗೆ ಇರುತ್ತದೆ.

ಬೇಸಿಗೆಯ ತಂಪು

ನಮ್ಮ ದೋಣಿಮಲೈ, ಸಂಡೂರು, ಹೊಸಪೇಟೆ ಕಡೆಯ ಬಿಸಿಲು ಕೇಳಬೇಕೇ? ಏಪ್ರಿಲ್, ಮೇ ಬಂತೆಂದರೆ ಏನಾದರೂ ತಂಪಾದದ್ದು ಬೇಕೇ ಬೇಕು. ಆಗ ನೆನಪಾಗುವುದು ತಾಟಿನಿಂಗು. ತೆಲುಗು ಮಾತಾಡುವ ನೆರೆಮನೆಯವರು ತಾಟಿ ಮುಂಜಲು ಅಂತಾರೆ. ಸಾಮಾನ್ಯವಾಗಿ ಒಂದು ಕಾಯಿಯಲ್ಲಿ ಎರಡು ಮೂರು ಕಣ್ಣು ಇರುತ್ತವೆ. ಒಳಗೆ ಬಹುಪಾಲು ನೀರೇ, ಸಣ್ಣಗೆ ಸಿಹಿ.

* ಬಿಡಿಸಿ ತೆರೆದಿಟ್ಟದ್ದಕ್ಕಿಂತ ಇಡೀ ಕಾಯಿಯನ್ನು ಕಣ್ಣೆದುರೇ ಕೊಚ್ಚಿಸಿ ಕೊಳ್ಳಿ. ದೂಳು, ನೊಣದ ಭಯ ಇರುವುದಿಲ್ಲ.

* ಒತ್ತಿದರೆ ಮೆತ್ತಗಿರಬೇಕು. ಗಟ್ಟಿಯಾಗಿದ್ದರೆ ಬಲಿತಿದೆ ಎಂದರ್ಥ. ತಿಂದರೆ ಹೊಟ್ಟೆಗೆ ಭಾರ, ಮಕ್ಕಳಿಗಂತೂ ಬೇಡವೇ ಬೇಡ.

* ಮೇಲಿನ ತೆಳು ಸಿಪ್ಪೆ ಸ್ವಲ್ಪ ಒಗರು. ಬೇಡದವರು ಸುಲಿದು ತಿನ್ನಿ.

* ತಂದ ದಿನವೇ ಖರ್ಚು ಮಾಡಿ. ಹುಳಿ ವಾಸನೆ ಬಂದರೆ ಎಸೆಯಿರಿ.

* ಸಣ್ಣಗೆ ಹೆಚ್ಚಿ, ಕಾಯಿಸಿ ತಣ್ಣಗಾಗಿಸಿದ ಹಾಲಿಗೆ ಹಾಕಿ, ಚೂರು ಸಕ್ಕರೆ, ಏಲಕ್ಕಿ ಪುಡಿ ಸೇರಿಸಿ ಕೊಡಿ. ಐಸ್‌ಕ್ರೀಮ್ ಬೇಕೆಂದು ಹಟ ಹಿಡಿಯುವ ಮಕ್ಕಳೂ ಲೋಟ ಖಾಲಿ ಮಾಡುತ್ತಾರೆ!

ಇದೇ ಮರದ ಹೂಗೊಂಚಲಿನ ರಸ ಇಳಿಸಿ, ಹುಳಿಯಾಗದಂತೆ ಮಡಕೆಗೆ ಸುಣ್ಣ ಬಳಿದು, ಕಾಯಿಸಿ ತಾಳೆಬೆಲ್ಲ ಮಾಡುತ್ತಾರೆ. ರುಚಿ ಚೆನ್ನ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಇದೂ ಸಕ್ಕರೆಯೇ. ‘ಬೆಲ್ಲ ತಾನೇ’ ಎಂದು ಹಿರಿಯರ ಕಾಫಿಗೆ ಹಾಕಬೇಡಿ.

ಬೀಸಣಿಗೆ ಬಾಳಿಕೆ ಬರಲು

ಕರೆಂಟ್ ಹೋದಾಗ ಓಲೆಯ ಬೀಸಣಿಗೆಗೆ ಸಾಟಿಯಿಲ್ಲ. ಕೊಂಡ ಕೂಡಲೇ ಅಂಚಿಗೆ ಹಳೆ ಸೀರೆಯ ಬಾರ್ಡರ್ ಸುತ್ತಿ ಹೊಲಿಯಿರಿ, ಗರಿ ಸೀಳುವುದಿಲ್ಲ. ಬೀಸುವ ಮುಂಚೆ ನಾಲ್ಕು ಹನಿ ನೀರು ಚಿಮುಕಿಸಿದರೆ ಗಾಳಿ ತಂಪಾಗಿ ಬರುತ್ತದೆ. ಆಮೇಲೆ ನೆರಳಲ್ಲಿ ಆರಿಸಿ ಎತ್ತಿಡಿ. ಒದ್ದೆ ಇಟ್ಟರೆ ಬೂಸ್ಟು ಹಿಡಿಯುತ್ತದೆ.

ಅಟ್ಟದ ಮೇಲಿನ ಓಲೆ ಕಟ್ಟು

ಈಗ ಮುಖ್ಯ ವಿಷಯಕ್ಕೆ ಬರೋಣ. ಅತ್ತೆಯ ಮನೆಯ ದೇವರ ಗೂಡಿನಲ್ಲೋ ಅಟ್ಟದ ಪೆಟ್ಟಿಗೆಯಲ್ಲೋ ಎರಡು ಮರದ ಹಲಗೆಯ ನಡುವೆ ದಾರದಿಂದ ಕಟ್ಟಿದ ಉದ್ದನೆಯ ಗರಿಗಳು ಇವೆಯೇ? ಓದಲು ಬಾರದ ಅಕ್ಷರ, ಪುಡಿ ಪುಡಿ ಉದುರುತ್ತದೆ, ದೇವರ ವಸ್ತು ಕಸಕ್ಕೆ ಹಾಕುವಂತಿಲ್ಲ ಎಂದು ಹೊಳೆಗೆ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಆ ಗರಿಗಳನ್ನು ಹದವಾಗಿ ಬೇಯಿಸಿ, ಒಣಗಿಸಿ, ನಯ ಮಾಡಿ, ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು, ಮಸಿ ತೀಡಿ ಬರೆಯುತ್ತಿದ್ದರು. ಅದರಲ್ಲಿ ಪುರಾಣವಿರಬಹುದು, ಮನೆಮದ್ದಿರಬಹುದು, ಜಾತಕ, ಲೆಕ್ಕಪತ್ರ ಇರಬಹುದು. ಇಂದು ನಾವು ಹೇಳುವ ವಚನಗಳು ಕೂಡ ಇಂಥ ಕಟ್ಟುಗಳಲ್ಲೇ ಉಳಿದಿದ್ದವು. ಫ.ಗು. ಹಳಕಟ್ಟಿಯವರು ಓಲೆ ಕಟ್ಟುಗಳನ್ನು ಹುಡುಕಿ ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ಆ ಮನೆಗಳವರು ಕಟ್ಟನ್ನು ಹೊಳೆಗೆ ಬಿಟ್ಟಿದ್ದರೆ?

ಕಟ್ಟು ಸಿಕ್ಕರೆ ಏನು ಮಾಡಬೇಕು?

* ನೀರು, ಸೋಪು, ಎಣ್ಣೆ ಯಾವುದೂ ಬೇಡ. ಮೆತ್ತನೆಯ ಒಣ ಬ್ರಷ್‌ನಿಂದ ದೂಳು ತೆಗೆದರೆ ಸಾಕು.

* ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ, ಮುರಿಯುತ್ತವೆ.

* ಬಿಸಿಲಿಗೆ ಹಾಕಬೇಡಿ. ಪ್ಲಾಸ್ಟಿಕ್ ಚೀಲವೂ ಬೇಡ, ಒಳಗೆ ಬೆವರುತ್ತದೆ.

* ಗರಿಗಳ ಕ್ರಮ ತಪ್ಪಿಸಬೇಡಿ. ಹಲಗೆ ಸಮೇತ ಒಗೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವವಿಲ್ಲದ ಕಪಾಟಿನಲ್ಲಿಡಿ.

* ಮೊಬೈಲ್‌ನಲ್ಲಿ ಕೆಲವು ಗರಿಗಳ ಫೋಟೊ ತೆಗೆದು ಬಲ್ಲವರಿಗೆ ತೋರಿಸಿ. ನಮ್ಮ ಭಾಗದವರಿಗಂತೂ 1991ರಲ್ಲಿ ಶುರುವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಅಲ್ಲಿ ಹಸ್ತಪ್ರತಿಗಳಿಗೆಂದೇ ಒಂದು ವಿಭಾಗವಿದೆ.

‘ಕೊಟ್ಟರೆ ಹೋಯಿತು’ ಎಂದು ಹಿರಿಯರು ಹಿಂಜರಿಯಬಹುದು. ಕೊಡಲೇಬೇಕೆಂದೇನಿಲ್ಲ, ಮೊದಲು ಏನಿದೆ ಎಂದು ಓದಿಸೋಣ ಅನ್ನಿ. ಪೂಜೆಯ ಜಾಗದಲ್ಲೇ ಇರಲಿ, ಆದರೆ ಅದರ ಮೇಲೆ ಅರಿಶಿನ ಕುಂಕುಮ, ಹೂವು, ತೀರ್ಥ ಬೀಳದಿರಲಿ.

ಯುಗಾದಿಗೋ ದಸರೆಗೋ ಅಟ್ಟ ಇಳಿಸಿ ಮನೆ ಸ್ವಚ್ಛ ಮಾಡುವವರು ನಾವೇ ತಾನೇ? ಏನು ಉಳಿಯಬೇಕು, ಏನು ಹೊರಗೆ ಹೋಗಬೇಕು ಎಂದು ನಿರ್ಧರಿಸುವುದೂ ನಮ್ಮ ಕೈಯೇ. ಈ ಸಲ ಉದ್ದನೆಯ ಗರಿಯ ಕಟ್ಟು ಕಂಡರೆ ಒಂದು ನಿಮಿಷ ನಿಲ್ಲಿ. ಕಿವಿಯ ಓಲೆ ಕಳೆದರೆ ಇನ್ನೊಂದು ಕೊಳ್ಳಬಹುದು, ಈ ಓಲೆ ಮತ್ತೆ ಸಿಕ್ಕೀತೇ?