ಬೆರಳ ತುದಿಯ ರಗತ, ಗುಳಿಗೆಯ ಲೆಕ್ಕ

2021ರ ಕೊನೆಯಲ್ಲಿ ಯಾದಗಿರಿಯ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಒಂದು ಅಂಕಿಯ ಜೊತೆಗೇ ಬರುತ್ತಿತ್ತು: ಶೇ 74. ಅಪೌಷ್ಟಿಕತೆ ಮತ್ತು ರಕ್ತಹೀನತೆಯಿಂದ ಬಳಲುವ ಮಕ್ಕಳ ಪಟ್ಟಿಯಲ್ಲಿ ಈ ಜಿಲ್ಲೆಯದೇ ಮೊದಲ ಸ್ಥಾನ. ಕಲಬುರಗಿ, ಬಳ್ಳಾರಿ, ಕೊಪ್ಪಳ, ರಾಯಚೂರು, ಬೀದರ್, ವಿಜಯಪುರ ಅದರ ಹಿಂದೆ ಇದ್ದವು. ಆ ಡಿಸೆಂಬರ್‌ನಿಂದ ಈ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವುದು ಶುರುವಾಯಿತು. ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಕೊಡದಿದ್ದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಹೇಳಿದ ವಿಡಿಯೊ ಮನೆಮನೆಗೂ ತಲುಪಿತು.

ಮೊಟ್ಟೆಯ ಜಗಳ ಎಲ್ಲರಿಗೂ ನೆನಪಿದೆ. ಆದರೆ ಒಂದು ಮಗುವಿಗೆ, ಒಬ್ಬ ಬಸುರಿಗೆ ರಕ್ತ ಕಡಿಮೆ ಎಂದು ಹೇಳುವುದು ಯಾವ ಅಳತೆಯ ಮೇಲೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಏಳಲೇ ಇಲ್ಲ. ಆ ಅಳತೆ ಹಿಮೋಗ್ಲೋಬಿನ್ನಿನದು. ಸುರಪುರ, ಶಹಾಪುರದ ಹಳ್ಳಿಗಳಲ್ಲಿ ‘ಮೈಯಾಗ ರಗತ ಇಲ್ಲ’ ಅನ್ನುವ ಮಾತು ಯಾವ ಯಂತ್ರಕ್ಕಿಂತಲೂ ಹಳೆಯದು. ಅದಕ್ಕೊಂದು ಸಂಖ್ಯೆ ಬಂದದ್ದು ಮಾತ್ರ ಈಚೆಗೆ.

ರಕ್ತದ ಬಣ್ಣ ನೋಡಿ ಹಿಮೋಗ್ಲೋಬಿನ್ ಅಳೆಯುವ ಸಾಧನವನ್ನು 1878ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗೋವರ್ಸ್ ರೂಪಿಸಿದ. ಸ್ವಿಟ್ಜರ್ಲೆಂಡಿನ ಹರ್ಮನ್ ಸಾಹ್ಲಿ 1902ರಲ್ಲಿ ಅದನ್ನು ತಿದ್ದಿದ. ಸಾಹ್ಲಿಯ ಆ ಗಾಜಿನ ಕೊಳವೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನೂರು ವರ್ಷಗಳ ನಂತರವೂ ಕೆಲಸ ಮಾಡುತ್ತಿತ್ತು. ಬೆರಳು ಚುಚ್ಚಿ 20 ಮೈಕ್ರೋಲೀಟರ್ ರಕ್ತವನ್ನು ಸಪೂರ ನಳಿಗೆಯಲ್ಲಿ ಎಳೆದು, ತಿಳಿಯಾದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬಿಡಬೇಕು. ಹತ್ತು ನಿಮಿಷ ಕಾದರೆ ಕೆಂಪು ಕಂದಾಗುತ್ತದೆ. ಆಮೇಲೆ ಶುದ್ಧ ನೀರನ್ನು ಹನಿಹನಿಯಾಗಿ ಸೇರಿಸುತ್ತ, ಗಾಜಿನ ಕಡ್ಡಿಯಿಂದ ಕಲಕುತ್ತ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದುವತನಕ ಬೆಳಕಿಗೆ ಹಿಡಿದು ನೋಡಬೇಕು. ಹತ್ತು ನಿಮಿಷ ಕಾಯುವ ವ್ಯವಧಾನ ಇಲ್ಲದಿದ್ದರೆ, ಕೋಣೆಯಲ್ಲಿ ಬೆಳಕು ಕಡಿಮೆಯಿದ್ದರೆ ಸಂಖ್ಯೆಯೇ ಬೇರೆ. ಸರದಿಯಲ್ಲಿ ಬಸುರಿಯರು ಕೂತಿರುವಾಗ ಒಬ್ಬಳೇ ನರ್ಸ್ ಇದನ್ನೆಲ್ಲ ಮಾಡಬೇಕಿತ್ತು. ಆ ಕೆಲಸಕ್ಕೆ ಸಲ್ಲಬೇಕಾದ ಗೌರವ ಎಂದೂ ಸಲ್ಲಲಿಲ್ಲ.

ಈ ಚರಿತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ನೆನೆಯಬೇಕಾದವಳು ಲೂಸಿ ವಿಲ್ಸ್. 1928ರಲ್ಲಿ ಈ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದಾಗ, ಬಟ್ಟೆ ಗಿರಣಿಗಳ ಬಡ ಹೆಂಗಸರು ಬಸಿರಿನಲ್ಲಿ ತೀವ್ರ ರಕ್ತಹೀನತೆಗೆ ತುತ್ತಾಗಿ ಸಾಯುತ್ತಿದ್ದರು. ಆ ಹೆಂಗಸರ ರಕ್ತವನ್ನು ವಿಲ್ಸ್ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಕಬ್ಬಿಣದ ಕೊರತೆಯಾದರೆ ಕೆಂಪು ಕಣಗಳು ಚಿಕ್ಕದಾಗುತ್ತವೆ, ಇಲ್ಲಿ ದೊಡ್ಡದಾಗಿದ್ದವು. ಆಕೆ ಅವರ ಊಟ ವಿಚಾರಿಸಿದಳು, ಇಲಿ ಮತ್ತು ಕೋತಿಗಳ ಮೇಲೆ ಪ್ರಯೋಗ ಮಾಡಿದಳು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಆ ವರದಿ ಪ್ರಕಟವಾಯಿತು. ಯೀಸ್ಟಿನಲ್ಲಿದ್ದ ಆ ಅಂಶವೇ ಫೋಲಿಕ್ ಆಮ್ಲ. ಅದನ್ನು 1945ರ ಹೊತ್ತಿಗೆ ಪ್ರಯೋಗಾಲಯದಲ್ಲಿ ತಯಾರಿಸಿದ್ದು ಅಮೆರಿಕದ ಲೆಡರ್ಲೆ ಸಂಸ್ಥೆಯ ತಂಡ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಆಶಾ ಕಾರ್ಯಕರ್ತೆ ಬಸುರಿಯ ಕೈಗಿಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣದ ಜೊತೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುವುದರ ಹಿಂದೆ ಮುಂಬೈ ಗಿರಣಿಯ ಹೆಂಗಸರಿದ್ದಾರೆ.

ಮೊದಲು ರಕ್ತ ನೋಡು, ಆಮೇಲೆ ಔಷಧ ಆರಿಸು, ಕೊಟ್ಟ ಮೇಲೆ ಮತ್ತೆ ರಕ್ತ ನೋಡು. ವಿಲ್ಸ್ ಹಾಕಿಕೊಟ್ಟ ದಾರಿ ಇಷ್ಟೇ. ನಮ್ಮಲ್ಲಿ ಆ ಕ್ರಮ ಬಹುಕಾಲ ಉಳಿಯಲಿಲ್ಲ. 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇನೋ ಬಂತು; ಗುಳಿಗೆ ಹಂಚಿದ ಲೆಕ್ಕ ಸಿಗುತ್ತಿತ್ತು, ರಕ್ತ ಏರಿದ ಲೆಕ್ಕ ಸಿಗುತ್ತಿರಲಿಲ್ಲ. 1998–99ರ ಎರಡನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮನೆಮನೆಗೆ ಹೋಗಿ ಬೆರಳು ಚುಚ್ಚಿ, ಅಂಗೈಯಗಲದ ಯಂತ್ರದಲ್ಲಿ ಹಿಮೋಗ್ಲೋಬಿನ್ ಅಳೆಯಿತು. ಯಾದಗಿರಿ ಆಗಿನ್ನೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕು. ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಗೆ. 2018ರಲ್ಲಿ ರಾಯಚೂರಿನ ಜೊತೆ ಅದು ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಸೇರಿತು. ಅದೇ ವರ್ಷ ‘ಅನೀಮಿಯ ಮುಕ್ತ ಭಾರತ’ ಶುರುವಾಗಿ, ಡಿಜಿಟಲ್ ಯಂತ್ರದಲ್ಲಿ ಪರೀಕ್ಷಿಸಿ ಚಿಕಿತ್ಸೆ ಕೊಡುವ ಕ್ರಮ ಹಳ್ಳಿಗೂ ಬಂತು.

ಅಷ್ಟರಲ್ಲಿ ಬೆರಳಿನ ಹನಿಯ ಬಗ್ಗೆಯೇ ತಕರಾರು ಎದ್ದಿತು. 2016–18ರ ರಾಷ್ಟ್ರೀಯ ಮಕ್ಕಳ ಪೌಷ್ಟಿಕತೆ ಸಮೀಕ್ಷೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ನೋಡಿತು. 1ರಿಂದ 4 ವರ್ಷದ ಮಕ್ಕಳಲ್ಲಿ ರಕ್ತಹೀನತೆ ಶೇ 41 ಎಂದಿತು. ನಂತರ ಬಂದ ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯ ಬೆರಳ ಹನಿ, 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ 67 ಎಂದಿತು. ವಯಸ್ಸಿನ ಗುಂಪು ತುಸು ಬೇರೆ ಎಂದರೂ ಈ ಅಂತರ ದೊಡ್ಡದು. ಹನಿ ಬರಲೆಂದು ಬೆರಳನ್ನು ಹಿಂಡಿದರೆ ಅಂಗಾಂಶದ ನೀರು ರಕ್ತಕ್ಕೆ ಬೆರೆತು ಸಂಖ್ಯೆ ಕೆಡುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮತ್ತು ಸಹ ಸಂಶೋಧಕರು 2021ರಲ್ಲಿ ಇನ್ನೂ ಮುಂದೆ ಹೋದರು: ರಕ್ತಹೀನತೆ ಗುರುತಿಸುವ ಹಿಮೋಗ್ಲೋಬಿನ್ ಗೆರೆಯೇ ಆರೋಗ್ಯವಂತ ಭಾರತೀಯ ಮಕ್ಕಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಳೆದದ್ದಕ್ಕಿಂತ ಡೆಸಿಲೀಟರಿಗೆ 1ರಿಂದ 2 ಗ್ರಾಂ ಕೆಳಗಿದೆ ಎಂದರು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಮಾರ್ಗಸೂಚಿ ಪರಿಷ್ಕರಿಸಿ, ರಕ್ತನಾಳದಿಂದ ತೆಗೆದ ರಕ್ತವೇ ಉತ್ತಮವೆಂದಿತು. 6ರಿಂದ 23 ತಿಂಗಳ ಮಕ್ಕಳ ಗೆರೆಯನ್ನು 11ರಿಂದ 10.5ಕ್ಕೆ ಇಳಿಸಿತು.

ಹಾಗೆಂದು ಯಾದಗಿರಿಯ ಮಕ್ಕಳಿಗೆ ಏನೂ ಕೊರತೆಯಿಲ್ಲ ಎಂದು ಯಾರೂ ಭಾವಿಸಬಾರದು. ಯಾದಗಿರಿಯ ಮಕ್ಕಳನ್ನು ಆಗ ಮೊಟ್ಟೆ ಸಿಗದಿದ್ದ ಗದಗದ ಮಕ್ಕಳ ಜೊತೆ ಹೋಲಿಸಿದ ಅಧ್ಯಯನದಲ್ಲಿ, ಮೊಟ್ಟೆ ತಿಂದ ಹುಡುಗಿಯರ ತೂಕ ಎದ್ದು ಕಾಣುವಷ್ಟು ಏರಿತ್ತು. ಹಸಿವು ನಿಜ, ಮೊಟ್ಟೆಯ ಫಲವೂ ನಿಜ. ತಪ್ಪು ಇರುವುದು ಒಂದೇ ಹನಿಯ ಒಂದೇ ಸಂಖ್ಯೆಯನ್ನು ಕೊನೆಯ ತೀರ್ಪೆಂದು ಹಿಡಿಯುವುದರಲ್ಲಿ. ರಕ್ತ ಕಡಿಮೆಯಾಗಲು ಕಬ್ಬಿಣವೊಂದೇ ಕಾರಣವಲ್ಲ. ಬಿ12, ಫೋಲಿಕ್ ಆಮ್ಲದ ಕೊರತೆ, ಕೊಕ್ಕೆಹುಳು, ಥಲಸ್ಸೀಮಿಯದಂಥ ಆನುವಂಶಿಕ ದೋಷ ಯಾವುದೂ ಇರಬಹುದು. ಬಿ12 ಕೊರತೆಯಿದ್ದವರಿಗೆ ಫೋಲಿಕ್ ಆಮ್ಲ ಮಾತ್ರ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಂಡರೂ ನರಗಳು ಕೆಡುತ್ತ ಹೋಗುತ್ತವೆ.

ಈಗ ತಾಲ್ಲೂಕು ಪೇಟೆಗಳಲ್ಲೂ ಲ್ಯಾಬುಗಳು ಬಂದಿವೆ. ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನಲ್ಲಿ ಹತ್ತಾರು ಪರೀಕ್ಷೆ ಒಟ್ಟಿಗೇ ಆಗುತ್ತವೆ. ವರದಿಯಲ್ಲಿ ಒಂದೆರಡು ಸಾಲು ದಪ್ಪಕ್ಷರದಲ್ಲಿ ಬಂದರೆ ಸಾಕು, ಮೆಡಿಕಲ್ ಶಾಪಿನಿಂದ ಡಿ3, ಬಿ12, ಕಬ್ಬಿಣ ಮನೆಗೆ ಬರುತ್ತವೆ. ವೈದ್ಯರ ಮುಖ ನೋಡುವುದೇ ಇಲ್ಲ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಸೋಂಕು ಅಥವಾ ಉರಿಯೂತವಿದ್ದಾಗ ಸುಳ್ಳೇ ಏರುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೇ ಕೆಡಿಸಬಲ್ಲದು. ದುಡ್ಡಿದ್ದವರಿಗೆ ಪರೀಕ್ಷೆ ಹೆಚ್ಚಾದರೂ ತಿಳಿವಳಿಕೆ ಸಿಗುತ್ತಿಲ್ಲ. ಬಡವರಿಗೆ ಮೊದಲ ಪರೀಕ್ಷೆಯ ನಂತರ ಎರಡನೆಯದೇ ಸಿಗುತ್ತಿಲ್ಲ.

ಎರಡನೆಯದು ತಪ್ಪುವುದಕ್ಕೆ ಈ ಭಾಗದಲ್ಲಿ ಗುಳೆ ಒಂದು ದೊಡ್ಡ ಕಾರಣ. ತಾಂಡಾಗಳಿಂದ ಬೆಂಗಳೂರು, ಪುಣೆ, ಮುಂಬೈ ಕಡೆ ದುಡಿಯಲು ಹೋದ ಬಸುರಿಯ ತಾಯಿ ಕಾರ್ಡಿನಲ್ಲಿ ಮೊದಲ ಸಂಖ್ಯೆ ಮಾತ್ರ ಉಳಿಯುತ್ತದೆ. ನಿಯಮದ ಪ್ರಕಾರ ಅದು 7ರಿಂದ 10.9ರೊಳಗಿದ್ದರೆ ದಿನಕ್ಕೆ ಎರಡು ಗುಳಿಗೆ. 7ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಗೆ ಕಳಿಸಬೇಕು. ತಿಂಗಳಲ್ಲಿ 1 ಗ್ರಾಂ ಕೂಡ ಏರದಿದ್ದರೆ ಕಾರಣ ಹುಡುಕಬೇಕು.

ಮನೆಯಲ್ಲಿ ಬಸುರಿಯಿದ್ದರೆ ‘ಎಷ್ಟು ಬಂತ್ರೀ ಅಕ್ಕಾರ?’ ಎಂದು ಕೇಳಿ ಸಂಖ್ಯೆ ಬರೆಸಿಕೊಳ್ಳಿ. ಗುಳಿಗೆ ನುಂಗಿದ ಕೂಡಲೇ ಚಹಾ ಬೇಡ, ಅದು ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ; ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ, ಲಿಂಬೆಹುಳಿ ಇರಲಿ. ಗುಳೆ ಹೊರಟರೆ ತಾಯಿ ಕಾರ್ಡು ಗಂಟಿನಲ್ಲಿರಲಿ. ತಿಂಗಳು ತುಂಬಿದ ಮೇಲೆ, ಇದ್ದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಇನ್ನೊಮ್ಮೆ ರಕ್ತ ಪರೀಕ್ಷೆ ಮಾಡಿಸಿ.