ಕೆಂಪೇರುವ ಕೆನ್ನೆಗೆ ಯಾವ ಕ್ರೀಮು?

ಬಿಸಿಲಲ್ಲಿ ಓಡಾಡಿದರೆ, ಬಿಸಿ ಚಹಾ ಕುಡಿದರೆ, ಖಾರ ತಿಂದರೆ ಕೆಲವರ ಕೆನ್ನೆ, ಮೂಗು ಕೆಂಪೇರಿ ಉರಿಯುತ್ತವೆ. ಪದೇ ಪದೇ ಹೀಗಾಗುತ್ತಿದ್ದರೆ ಅದು ರೊಸೇಶಿಯಾ ಎಂಬ ಚರ್ಮದ ತೊಂದರೆ ಇರಬಹುದು. ಕಂದು, ಕಪ್ಪು ಚರ್ಮದಲ್ಲಿ ಕೆಂಪು ಎದ್ದು ಕಾಣದು. ಹಾಗಾಗಿ ಮೊಡವೆಯೆಂದೇ ಅನೇಕರು ತಿಳಿಯುತ್ತಾರೆ.

ಈ ತಪ್ಪು ದುಬಾರಿ. ಮೊಡವೆಗೆಂದು ತಾವೇ ಕೊಂಡು ಹಚ್ಚುವ, ಸ್ಟಿರಾಯ್ಡ್ ಬೆರೆತ ಕ್ರೀಮು ಕೆಲವು ದಿನ ಕೆಂಪನ್ನು ಅಡಗಿಸುತ್ತದೆ. ಬಿಟ್ಟೊಡನೆ ಉರಿ, ಗುಳ್ಳೆ ಹೆಚ್ಚುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿತು. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಹೆಸರಿದ್ದರೆ ವೈದ್ಯರನ್ನು ಕೇಳದೆ ಮುಖಕ್ಕೆ ಹಚ್ಚಲೇಬಾರದು.

ಹೀಗೆ ಕೆಂಪೇರುವ ಚರ್ಮದ ದಿನದ ಆರೈಕೆಗೆ ಮೂರೇ ವಸ್ತು ಸಾಕು.

ಮೊದಲನೆಯದು ಸೋಪಿನ ಬದಲು ಮೃದುವಾದ ಕ್ಲೆನ್ಸರ್. ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5. ಸಾಮಾನ್ಯ ಸೋಪಿನದು 9ರಿಂದ 10; ಅದಕ್ಕೇ ಅದು ಚರ್ಮವನ್ನು ಕೆರಳಿಸುತ್ತದೆ. ಎರಡನೆಯದು ಸೆರಮೈಡ್, ಗ್ಲಿಸರಿನ್ ಇರುವ, ಪರಿಮಳವಿಲ್ಲದ ಮಾಯಿಶ್ಚರೈಸರ್. ಮೂರನೆಯದು ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್. ಝಿಂಕ್ ಆಕ್ಸೈಡ್, ಟೈಟೇನಿಯಂ ಡಯಾಕ್ಸೈಡ್ ಇರುವಂಥದ್ದು ಉರಿ ತರುವುದು ಕಡಿಮೆ. ಅದು ಬೂದಿ ಬಳಿದಂತೆ ಕಂಡರೆ ಬಣ್ಣ ಬೆರೆಸಿದ್ದನ್ನು ಆರಿಸಬಹುದು.

ಆಲ್ಕೋಹಾಲ್, ಮೆಂಥಾಲ್, ಕರ್ಪೂರ, ಗ್ಲೈಕೋಲಿಕ್ ಆಮ್ಲ, ಒರಟು ಸ್ಕ್ರಬ್ ಬೇಡ. ನಿಂಬೆರಸ, ಮುಖಕ್ಕೆ ಹಬೆ ಕೂಡ ಬೇಡ. ಹೊಸದನ್ನು ಮೊದಲು ಕತ್ತಿನ ಬದಿಯಲ್ಲಿ ಸ್ವಲ್ಪ ಹಚ್ಚಿ ಕೆಲವು ದಿನ ನೋಡಬೇಕು.

ಗುಳ್ಳೆಗಳಿದ್ದರೆ ಮೆಟ್ರೊನಿಡಜೋಲ್, ಅಝೆಲೇಯಿಕ್ ಆಮ್ಲ, ಐವರ್‌ಮೆಕ್ಟಿನ್ ಲೇಪಗಳಿವೆ. ಯಾವುದೆಂದು ಚರ್ಮವೈದ್ಯರು ಹೇಳಬೇಕು. ಕಣ್ಣು ಕೆಂಪಾಗಿ ಚುಚ್ಚುತ್ತಿದ್ದರೆ ಕಣ್ಣಿನ ವೈದ್ಯರನ್ನೂ ಬೇಗ ಕಾಣಬೇಕು.