ಲಗ್ನಪತ್ರಿಕೆಯ ಹಿಂದಿನ ಬೆಳಕು

ಲಗ್ನಪತ್ರಿಕೆ ಈಗ ಅರಿಶಿನ ಹಚ್ಚಿದ ಕವರಿನಲ್ಲಿ ಕೈಗೆ ಸೇರೋ ಮೊದಲೇ ವಾಟ್ಸಾಪ್‌ನಲ್ಲಿ ಲಿಂಕ್ ಆಗಿ ಬಂದಿರುತ್ತೆ. ನಮ್ಮ ಚಿಕ್ಕಪ್ಪನ ಮಗಳ ಮದುವೆಗೂ ಹಾಗೇ ಆಯ್ತು. ಪಾಂಡವಪುರದಲ್ಲಿ ಚಪ್ಪರ, ಶ್ರೀರಂಗಪಟ್ಟಣದ ಛತ್ರದಲ್ಲಿ ಧಾರೆ, ನಾಗಮಂಗಲದ ಗಂಡಿನ ಮನೆಯಲ್ಲಿ ಬೀಗರ ಊಟ, ಕೊನೆಗೆ ಕೆ.ಆರ್.ಪೇಟೆ ಕಡೆ ಮನೆದೇವರ ಪೂಜೆ. ಮದುಮಗಳ ತಮ್ಮ ಒಂದು ರೆಡಿಮೇಡ್ ಟೆಂಪ್ಲೇಟ್ ತಗೊಂಡು, ಒಂದೊಂದು ಕಾರ್ಯಕ್ಕೂ ಆ ಕಡೆಯ ಫೋಟೋ ಹಾಕಿ, ಅದರ ಮೇಲೆ ಬಿಳಿ ಅಕ್ಷರದಲ್ಲಿ ದಿನ, ಹೊತ್ತು, ವಿಳಾಸ ಬರೆದಿದ್ದ. ನೋಡೋಕೆ ಚೆಂದ. ಆದರೆ ದೊಡ್ಡಪ್ಪ ಬಸ್‌ಸ್ಟ್ಯಾಂಡಿನಿಂದ ಫೋನ್ ಮಾಡಿ, "ಮುಹೂರ್ತ ಹತ್ತಕ್ಕೋ ಹನ್ನೊಂದಕ್ಕೋ? ಬಿಸಿಲಲ್ಲಿ ಏನೂ ಕಾಣ್ತಿಲ್ಲ ಕಣ್ಲಾ" ಅಂದ್ರು. ವೆಬ್ ಪೇಜ್ ಮಾಡೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಲಿಂಕ್ ನನ್ನ ಹತ್ರ ಬಂತು.

ಅಕ್ಷರದ ತಪ್ಪಲ್ಲ, ಅದರ ಹಿಂದಿನ ಬೆಳಕಿನ ತೊಂದರೆ. ಶ್ರೀರಂಗಪಟ್ಟಣದ ಫೋಟೋದಲ್ಲಿ ಮಧ್ಯಾಹ್ನದ ಕಾವೇರಿ ತಗಡಿನ ಹಾಗೆ ಹೊಳೀತಿದೆ. ನಾಗಮಂಗಲದ್ದರಲ್ಲಿ ಸೌಮ್ಯಕೇಶವ ದೇವಸ್ಥಾನದ ಗೋಪುರ, ಅದರ ಹಿಂದೆ ಬೆಳ್ಳಗಿನ ಆಕಾಶ. ಬಿಳಿ ಮೇಲೆ ಬಿಳಿ ಬರೆದರೆ ಯಾರಿಗೆ ಕಾಣುತ್ತೆ?

ಟೈಲ್‌ವಿಂಡ್ ಸಿಎಸ್‌ಎಸ್‌ನಲ್ಲಿ ಇದಕ್ಕೆ ಒಂದು ಕ್ಲಾಸ್ ಇದೆ: ಬ್ಯಾಕ್‌ಡ್ರಾಪ್-ಬ್ರೈಟ್‌ನೆಸ್-50. ಬರೀ ಬ್ರೈಟ್‌ನೆಸ್-50 ಹಾಕಿದರೆ ಡಬ್ಬಿಯ ಜೊತೆ ಅದರೊಳಗಿನ ಅಕ್ಷರವೂ ಮಂಕಾಗುತ್ತೆ. ಬ್ಯಾಕ್‌ಡ್ರಾಪ್ ಸೇರಿಸಿದರೆ ಹಿಂದಿರೋದು ಮಾತ್ರ. ಬಸ್ಸಿನ ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸಿದ ಹಾಗೆ: ಹೊರಗಿನ ಗದ್ದೆ ಮಂಕಾಗುತ್ತೆ, ಗಾಜಿನ ಮೇಲಿನ ಸ್ಟಿಕ್ಕರ್ ಇದ್ದ ಹಾಗೇ ಇರುತ್ತೆ. ಡಬ್ಬಿಗೆ ಗಟ್ಟಿ ಬಣ್ಣ ತುಂಬಿದ್ದರೆ ಮಾತ್ರ ಏನೂ ಕಾಣಲ್ಲ, ಅದು ಗಾಜಿನ ಹಾಗೆ ಪಾರದರ್ಶಕ ಇರಬೇಕು.

50 ಸಾಕು ಅಂತ ಬಹಳ ಜನ ಅಂದ್ಕೋತಾರೆ. ಲೆಕ್ಕ ಹಾಕಿ ನೋಡಿ. ಇದು ಬರೀ ಗುಣಾಕಾರ. ಅಚ್ಚ ಬಿಳಿಯ ಬೆಲೆ 255, ಅದನ್ನು ಅರ್ಧ ಮಾಡಿದರೆ ಸುಮಾರು 128, ಅಂದರೆ ನಡುವಿನ ಬೂದು. ಅದರ ಮೇಲೆ ಬಿಳಿ ಅಕ್ಷರದ ಕಾಂಟ್ರಾಸ್ಟ್ 4:1ನ್ನೂ ಮುಟ್ಟಲ್ಲ. ಡಬ್ಲ್ಯುಸಿಎಜಿ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕೇಳೋದು 4.5:1. 40ಕ್ಕೆ ಇಳಿಸಿದರೆ 5.7 ಸಿಗುತ್ತೆ. ಟೈಲ್‌ವಿಂಡ್ ಮೂರನೇ ಆವೃತ್ತಿಯಲ್ಲಿ 50ರ ಕೆಳಗೆ ಸಿದ್ಧವಾಗಿ ಸಿಗೋದು 0 ಒಂದೇ, ಬೇರೆ ಬೇಕಂದ್ರೆ ಚೌಕ ಬ್ರಾಕೆಟ್ಟಿನಲ್ಲಿ 0.4 ಅಂತ ಬರೀಬೇಕು. ನಾಲ್ಕನೇದರಲ್ಲಿ ನೇರವಾಗಿ 40 ಅಂದರೆ ಆಯ್ತು. ನಮ್ಮ ಕನ್ನಡಕ್ಕಂತೂ 4.5 ಕೂಡ ಕಮ್ಮಿ ಅಂತ ನನ್ನ ಅಭಿಪ್ರಾಯ. ಪ-ಷ, ಘ-ಫ ಇವುಗಳ ವ್ಯತ್ಯಾಸ ಒಂದು ಸಣ್ಣ ಗೆರೆ. 'ಪಟ್ಟಣ'ದ ಒತ್ತಕ್ಷರ ಬಿಸಿಲಿಗೆ ಮೊದಲು ಮಾಯ ಆಗೋದು.

ಇನ್ನೊಂದು ವಿಷಯ. ಬರೀ ಕತ್ತಲು ಮಾಡೋದಷ್ಟೇ ಬೇಕಿದ್ರೆ ಈ ಕ್ಲಾಸ್ ಅಗತ್ಯವೇ ಇಲ್ಲ. ಬಿಜಿ-ಬ್ಲ್ಯಾಕ್/60, ಅಂದರೆ ಶೇ. 60 ಕಪ್ಪು ಪದರ, ಅದೇ 40ರ ಫಲಿತಾಂಶ ಕೊಡುತ್ತೆ. ಫೋನಿಗೆ ಕೆಲಸವೂ ಹಗುರ. ಬ್ಯಾಕ್‌ಡ್ರಾಪ್ ಫಿಲ್ಟರ್ ಕ್ರೋಮ್‌ಗೆ ಬಂದಿದ್ದು 2019ರಲ್ಲಿ, ಫೈರ್‌ಫಾಕ್ಸ್‌ಗೆ 2022ರಲ್ಲಿ. ಅಪ್‌ಡೇಟ್ ಕಾಣದ ಹಳೇ ಫೋನುಗಳು ನಮ್ಮ ನೆಂಟರ ಜೇಬಲ್ಲಿ ಬೇಕಾದಷ್ಟಿವೆ. ಅದಕ್ಕೇ ಮುಹೂರ್ತ, ಊಟ ಎರಡಕ್ಕೂ ಕಪ್ಪು ಪದರವನ್ನೇ ಹಾಕಿದೆ. ಪಾಂಡವಪುರದ್ದು ಕುಂತಿಬೆಟ್ಟದ ಸಂಜೆ ಫೋಟೋ, ಅದಕ್ಕೆ ತೆಳು ಪದರ ಸಾಕಾಯ್ತು.

ಹಾಗಾದ್ರೆ ಬ್ಯಾಕ್‌ಡ್ರಾಪ್-ಬ್ರೈಟ್‌ನೆಸ್ ಯಾಕೆ ಬೇಕು ಅಂತೀರಾ? ಬೆಳಕು ಹೆಚ್ಚಿಸೋಕೆ. ಬಿಳಿ ಪದರ ಹಾಕಿದರೆ ಚಿತ್ರವೆಲ್ಲ ಮಜ್ಜಿಗೆ ಚೆಲ್ಲಿದ ಹಾಗೆ ಮಸುಕಾಗುತ್ತೆ. ಇಲ್ಲಿ ಹಾಗಾಗಲ್ಲ, ಕಪ್ಪು ಕಪ್ಪಾಗೇ ಉಳಿದು ಬೆಳಕಿರೋ ಜಾಗ ಮೇಲೇಳುತ್ತೆ. ಕೆ.ಆರ್.ಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನದ ಫೋಟೋ ಇತ್ತಲ್ಲ, 1250ರ ಹೊಯ್ಸಳ ಗುಡಿ, ಬಳಪದ ಕಲ್ಲಿನ ಕೆತ್ತನೆ, ನೆರಳಲ್ಲಿ ತೆಗೆದದ್ದು. ಬಿಳಿ ಅಕ್ಷರ ಅದರ ಮೇಲೆ ಮೊದಲೇ ಚೆನ್ನಾಗಿ ಕಾಣ್ತಿತ್ತು. ಒಂದು ವಿಗ್ರಹದ ಮೇಲಷ್ಟೇ ಖಾಲಿ ದುಂಡು ಡಬ್ಬಿ ಇಟ್ಟು 150 ಕೊಟ್ಟೆ. ದೀಪ ಹಿಡಿದ ಹಾಗೆ ಒಡವೆಯ ಮಣಿಮಣಿಯೂ ಎದ್ದು ಬಂತು. 200ಕ್ಕೆ ಏರಿಸಿದರೆ ಬೆಳಕಿದ್ದ ಕಡೆ ಪೂರ್ತಿ ಬಿಳಿಚಿಕೊಳ್ಳುತ್ತೆ, 150 ಸಾಕು.

ನೀವೂ ಇಂಥ ಪೇಜ್ ಮಾಡೋದಾದ್ರೆ ಆಫೀಸಿನ ಮಾನಿಟರ್ ನಂಬಬೇಡಿ. ಫೋನಿನ ಬೆಳಕನ್ನು ಅರ್ಧಕ್ಕಿಳಿಸಿ, ಮಟಮಟ ಮಧ್ಯಾಹ್ನ ಹೊರಗೆ ನಿಂತು, ಕನ್ನಡಕ ಹಾಕೋರ ಕೈಗೆ ಕೊಟ್ಟು ಓದಿಸಿ. ಮೊದಲು ಮುಹೂರ್ತದ ಹೊತ್ತು, ಆಮೇಲೆ ಛತ್ರದ ಹೆಸರು.